ಅತಿಥಿಯ ಹೆಗಲಿನಿಂದ ಆತಿಥೇಯನ ಕಪಾಟಿಗೆ

ಅತಿಥಿಸತ್ಕಾರದ ವಿಷಯದಲ್ಲಿ ಉಡುಪಿ ಸೀಮೆಗೆ ಸಂದಿರುವ ಖ್ಯಾತಿ ಬಹುಮಟ್ಟಿಗೆ ಅನ್ನದ್ದು. ಕೃಷ್ಣಮಠದ ಭೋಜನಶಾಲೆಯಿಂದ ಮೊದಲ್ಗೊಂಡು ಮದರಾಸು ಮುಂಬಯಿಗಳ ಹೋಟೆಲುಗಳವರೆಗೆ ಆ ಖ್ಯಾತಿಯ ಚರಿತ್ರೆಯನ್ನು ಬರೆದವರು ಅನೇಕರಿದ್ದಾರೆ. ಆದರೆ ಉಣ್ಣುವುದಕ್ಕೆ ಮೊದಲು ಮಿಂದು ಬಂದ ಆ ಅತಿಥಿ ಮೈಯೊರೆಸಿಕೊಂಡ ಬಟ್ಟೆ ಯಾರ ಮನೆಯದು, ಅದನ್ನು ಒಗೆದವರು ಯಾರು, ಹಳತಾದಾಗ ಅದು ಏನಾಯಿತು ಎಂಬುದನ್ನು ಆ ಬರೆಹಗಳಲ್ಲಿ ಹುಡುಕಿದರೆ ನಿರಾಶೆಯೇ ಗತಿ. ಕಾಪುವಿನ ಕಡಲತಡಿಯಲ್ಲಿ ಎರಡು ಕೋಣೆಗಳ ಹೋಂಸ್ಟೇ ನಡೆಸುವ ಗೃಹಿಣಿಯೂ, ಮಣಿಪಾಲದಲ್ಲಿ ಫ್ಲ್ಯಾಟನ್ನು ದಿನಬಾಡಿಗೆಗೆ ಕೊಡುವ ನಿವೃತ್ತನೌಕರನೂ ತಮ್ಮ ಖರ್ಚಿನ ಪುಸ್ತಕದಲ್ಲಿ ಟವೆಲ್ಲಿಗೆಂದು ಒಂದು ಸಾಲನ್ನು ಮೀಸಲಿಡಬೇಕಾಗಿ ಬಂದಿರುವ ಈ ಕಾಲದಲ್ಲಿ ಆ ಪ್ರಶ್ನೆಯನ್ನು ಎತ್ತಿಕೊಳ್ಳುವುದು ಅನುಚಿತವಾಗಲಾರದು.

ಹಿಂದಿನ ವ್ಯವಸ್ಥೆಯಲ್ಲಿ ಬೈರಾಸು, ಎಂದರೆ ಮೈಯೊರೆಸುವ ಬಟ್ಟೆ, ಅತಿಥಿಯ ಸ್ವತ್ತಾಗಿದ್ದಿತು. ಉಡುಪಿಯ ಮಠಗಳ ನಡುವೆ ಎರಡು ತಿಂಗಳಿಗೊಮ್ಮೆ ಬದಲಾಗುತ್ತಿದ್ದ ಕೃಷ್ಣಪೂಜೆಯ ಸರದಿಯನ್ನು ಯತಿ ವಾದಿರಾಜರು 1522ರಲ್ಲಿ ಎರಡು ವರ್ಷಗಳ ಪರ್ಯಾಯವನ್ನಾಗಿ ಮಾರ್ಪಡಿಸಿದರೆಂದು ಪರಂಪರೆ ಹೇಳುತ್ತದೆ. ಪರ್ಯಾಯದ ಉತ್ಸವಗಳಿಗಾಗಿ ಘಟ್ಟವಿಳಿದು ಬರುತ್ತಿದ್ದ ಯಾತ್ರಿಕನಿಗೆ ಮಠವು ಅನ್ನವನ್ನೂ ಛತ್ರವು ನೆರಳನ್ನೂ ಒದಗಿಸುತ್ತಿದ್ದವೇ ಹೊರತು, ಚೊಂಬು, ಹಾಸುವ ಚಾಪೆ, ಉಡುವ ಮತ್ತು ಒರೆಸುವ ಬಟ್ಟೆ ಇವಿಷ್ಟೂ ಅವನ ಗಂಟಿನಲ್ಲಿಯೇ ಬರಬೇಕಾಗಿದ್ದಿತು. ಮಧ್ವಸರೋವರದಲ್ಲಿ ಮುಳುಗಿ ಎದ್ದವನು ತನ್ನ ಪಾಣಿಪಂಚೆಯನ್ನು ಹಿಂಡಿ, ಅದರಿಂದಲೇ ತಲೆ ಮೈಗಳನ್ನು ಒರೆಸಿಕೊಂಡು, ಮತ್ತೊಮ್ಮೆ ಅದನ್ನೇ ನೀರಿನಲ್ಲಿ ಜಾಲಿಸಿ ಹಿಂಡಿ ಹೆಗಲಿಗೇರಿಸಿದನೆಂದರೆ ಅವನ ಸ್ನಾನವಿಧಿ ಮುಗಿಯಿತು. ಮನೆಗೆ ಬಂದ ನಂಟನಿಗೂ ಹೀಗೆಯೇ: ಜಗಲಿಯಲ್ಲಿ ಬೆಲ್ಲ-ನೀರು, ಬಚ್ಚಲಿನಲ್ಲಿ ಹಂಡೆ ತುಂಬ ಬಿಸಿನೀರು, ಒರೆಸಿಕೊಳ್ಳುವುದಕ್ಕೆ ಅವನ ಹೆಗಲ ಮೇಲಿನದೇ. ಹೊಸ ವಸ್ತ್ರವನ್ನು ತಾಂಬೂಲದೊಡನೆ ಕೊಡಬಹುದಾಗಿದ್ದಿತು. ಮನೆಯವರು ಬಳಸಿದ್ದನ್ನು ಬಂದವರ ಮೈಗೆ ಕೊಡುವುದು ಮರ್ಯಾದೆಯಾಗಿರಲಿಲ್ಲ. ಕಾರ್ಕಳದಲ್ಲಿ 1432ರಲ್ಲಿ ವೀರಪಾಂಡ್ಯನು ನಿಲ್ಲಿಸಿದ ಗೊಮ್ಮಟನ ಮಹಾಮಸ್ತಕಾಭಿಷೇಕಕ್ಕೆ ನೆರೆಯುವ ಜನಸಾಗರದ ಪಾಡೂ ಇದೇ ಆಗಿದ್ದಿರಬೇಕು. ಹಾಲು ಅರಿಶಿನಗಳಲ್ಲಿ ಮಿಂದೂ ವಸ್ತ್ರದ ಗೊಡವೆಯಿಲ್ಲದೆ ನಿಂತವನು ಅಲ್ಲಿ ಆ ನಲವತ್ತೆರಡು ಅಡಿಯ ಮಹಾಪುರುಷನೊಬ್ಬನೆ!

ಒಬ್ಬರು ಬಳಸಿದ ಬಟ್ಟೆ ಇನ್ನೊಬ್ಬರ ಮೈಗೆ ಸಲ್ಲದೆನ್ನುವ ಈ ಮಡಿಯ ಕಲ್ಪನೆಯನ್ನು ಕೇವಲ ಆರೋಗ್ಯಶಾಸ್ತ್ರವೆಂದು ಕೊಂಡಾಡುವವರ ಮಾತನ್ನು ನಾನು ಒಪ್ಪಲಾರೆ. ಊರಿನ ಬಟ್ಟೆಗಳನ್ನೆಲ್ಲ ಶುಭ್ರಗೊಳಿಸುತ್ತಿದ್ದ ಮಡಿವಾಳನು ಒಗೆದು ತಂದದ್ದನ್ನು ಮತ್ತೆ ನೀರಿನಲ್ಲಿ ಅದ್ದಿ ತೆಗೆದ ಹೊರತು ಮಡಿಯಾಗುವುದಿಲ್ಲವೆನ್ನುವ ಮನೆಗಳಿದ್ದುವು. ಅದೇ ಸೀಮೆಯ ಭೂತಕೋಲದಲ್ಲಾದರೋ ಅದೇ ಮಡಿವಾಳನ ಕೈಯ ಬಟ್ಟೆಯಿಲ್ಲದೆ ಕಾರ್ಯ ಮುಂದುವರಿಯುತ್ತಿರಲಿಲ್ಲ.

ಆ ಹಳೆಯ ಬಟ್ಟೆ ಸರಳವಾದ ಒಂದೆಳೆಯ ನೇಯ್ಗೆಯದು. ಆಷಾಢದಲ್ಲಿ ವಾರಗಟ್ಟಲೆ ಸೂರ್ಯದರ್ಶನವಾಗದ ನಾಡಿನಲ್ಲಿ, ಬಚ್ಚಲೊಲೆಯ ಮೇಲಿನ ಹಗ್ಗಕ್ಕೆ ಹಾಕಿದರೆ ಮರುದಿನದ ಸ್ನಾನದ ಹೊತ್ತಿಗೆ ಒಣಗುವಷ್ಟು ತೆಳುವಾಗಿರುವುದೇ ಅದರ ಗುಣ. ಇದನ್ನು ನೇಯುತ್ತಿದ್ದವರು ಶೆಟ್ಟಿಗಾರರೆಂದು ಕರೆಯಲ್ಪಡುವ ಪದ್ಮಶಾಲಿಗಳು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನವರು 1851ರಲ್ಲಿ ಅಲ್ಲಿ ನೇಯ್ಗೆಯ ಕಾರ್ಖಾನೆಯನ್ನು ಸ್ಥಾಪಿಸಿ, ಹಾಲರ್ ಎಂಬ ಕುಶಲನ ಕೈಯಿಂದ ಹಾರುಲಾಳಿಯ ಮಗ್ಗಗಳನ್ನು ರೂಢಿಗೆ ತಂದರು; ಖಾಕಿ ಬಣ್ಣದ ಜನ್ಮಸ್ಥಾನ ಆ ಕಾರ್ಖಾನೆಯೇ ಎಂಬ ಪ್ರತೀತಿಯೂ ಉಂಟು. ಅದೇ 1851ರಲ್ಲಿ ಲಂಡನ್ನಿನ ಮಹಾಪ್ರದರ್ಶನದಲ್ಲಿ, ತುರ್ಕಿಯ ಸ್ನಾನಗೃಹಗಳಲ್ಲಿ ಕಂಡ ಬಟ್ಟೆಯ ಮಾದರಿಯಲ್ಲಿ ಹೆನ್ರಿ ಕ್ರಿಸ್ಟಿಯ ಮನೆತನದವರು ಯಂತ್ರದಿಂದ ನೇಯಿಸಿದ, ಮೈಯೆಲ್ಲ ನೂಲಿನ ಕುಣಿಕೆಗಳೆದ್ದ ದಪ್ಪ ಟವೆಲ್ ಜನರ ಕಣ್ಣಿಗೆ ಬಿದ್ದಿತು. ಮುಂದೆ ನಮ್ಮ ಬೈರಾಸನ್ನು ಕೋಣೆಯಿಂದ ಹೊರಗಟ್ಟಿದ್ದು ಆ ಟೆರ್ರಿ ಟವೆಲ್ಲೇ.

ಆದರೆ ಅದಕ್ಕೆ ಮೊದಲು ಬಟ್ಟೆಯ ಒಡೆತನ ಕೈ ಬದಲಾಯಿಸಬೇಕಾಗಿದ್ದಿತು, ಮತ್ತು ಆ ಕಾರ್ಯ ನಡೆದದ್ದು ವಸತಿಗೃಹಗಳಲ್ಲಿ. ಕಾರ್ಕಳದ ಕಡೆಯ ಕಡಂದಲೆಯ ಕೃಷ್ಣರಾಯರು 1938ರಲ್ಲಿ ಮದರಾಸಿನ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸನ್ನು ತೆರೆದಾಗ, ಊಟದ ಜೊತೆಗೆ ಕೋಣೆಯನ್ನೂ ಕೊಡುವ ಉಡುಪಿಯ ಉದ್ಯಮಕ್ಕೆ ಒಂದು ಘನತೆ ಬಂದಿತು. ಕೋಣೆಗೆ ಹಣ ಕೊಟ್ಟವನು ಹಾಸಿಗೆ, ಸಾಬೂನು, ಟವೆಲುಗಳನ್ನು ಹಕ್ಕಿನಿಂದ ನಿರೀಕ್ಷಿಸುತ್ತಾನೆ. ನಿರೀಕ್ಷಿಸಿದ್ದನ್ನು ಕೆಲವೊಮ್ಮೆ ಪೆಟ್ಟಿಗೆಯೊಳಗೂ ಇರಿಸಿಕೊಳ್ಳುತ್ತಾನೆ. ಆದುದರಿಂದಲೇ ಲಾಡ್ಜುಗಳ ಬಿಳಿಯ ಟವೆಲುಗಳ ಅಂಚಿನಲ್ಲಿ ಹೆಸರು ಮೂಡಿತು. ದೋಬಿಯಾದರೋ ತನ್ನ ಗುರುತನ್ನು ಬೇರೆಯಾಗಿ ಹಾಕುತ್ತಿದ್ದನು: ಕರಿಗೇರಿನ ಕಾಯಿಯ ರಸದ ಆ ಕಪ್ಪು ಚುಕ್ಕೆ ಎಷ್ಟು ಒಗೆದರೂ ಹೋಗದು, ಆಗದವರ ಮೈಗೆ ತಾಗಿದರೆ ತುರಿಕೆಯನ್ನೆಬ್ಬಿಸದೆ ಬಿಡದು.

ಇತ್ತ ಊರಿನಲ್ಲಿಯೂ ಅತಿಥಿ ಬದಲಾಗತೊಡಗಿದನು. 1953ರಲ್ಲಿ ಟಿ. ಎಂ. ಎ. ಪೈಗಳು ಮಣಿಪಾಲದ ಬೋಳುಗುಡ್ಡದ ಮೇಲೆ ಕಸ್ತೂರಬಾ ವೈದ್ಯಕೀಯ ಕಾಲೇಜನ್ನು ಪ್ರಾರಂಭಿಸಿದರು. 1998ರಲ್ಲಿ ಕೊಂಕಣ ರೈಲು ಪೂರ್ಣವಾಗಿ ಓಡತೊಡಗಿತು. ವಿದ್ಯಾರ್ಥಿಗಳ ತಂದೆತಾಯಂದಿರು, ಕಡಲು ಕಾಣಬಂದ ಉತ್ತರದವರು ಮೊದಲಾದ ಹೊಸ ಅತಿಥಿಗಳು ಬರಿಗೈಯಲ್ಲಿ ಬರುವವರು. ಆಸ್ಪತ್ರೆಗೆ ರೋಗಿಯೊಡನೆ ಬರುವ ಘಟ್ಟದ ಮೇಲಿನವರ ಚೀಲದಲ್ಲಿ ಮಾತ್ರ ಇಂದಿಗೂ ಒಂದು ಟವೆಲ್ ಇದ್ದೇ ಇರುತ್ತದೆ.

ಈಗ ಆಯ್ಕೆಯ ಭಾರವೆಲ್ಲ ಆತಿಥೇಯನ ಮೇಲೆ. ಪೇಟೆಯಲ್ಲಿ ಟವೆಲನ್ನು ಅಳೆಯುವುದು ಜಿಎಸ್‌ಎಂನಿಂದ, ಎಂದರೆ ಒಂದು ಚದರ ಮೀಟರಿನ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂಬುದರಿಂದ. ದೊಡ್ಡ ಹೋಟೆಲುಗಳ 500, 600ರ ಟವೆಲನ್ನು ಕಂಡು ಮರುಳಾಗಿ ತಂದವನಿಗೆ ಜುಲೈ ತಿಂಗಳೇ ಗುರು: ಎರಡು ದಿನವಾದರೂ ಆರದೆ, ಮುಗ್ಗಲು ನಾತ ಹಿಡಿದು, ಮೂರನೆಯ ದಿನ ಬೂಷ್ಟಿನ ಚುಕ್ಕೆ. 350, 400ರ ಆಸುಪಾಸಿನದು ಕೈಗೆ ಅಷ್ಟು ಮೆತ್ತಗೆನಿಸದಿದ್ದರೂ ಇಲ್ಲಿಯ ಹವೆಗೆ ಹೊಂದುತ್ತದೆ. ಮುರಕಲ್ಲಿನ ನೆಲದ ಎಷ್ಟೋ ಬೋರ್‌ವೆಲ್‌ಗಳ ನೀರಿನಲ್ಲಿ ಕಬ್ಬಿಣದಂಶವಿರುತ್ತದೆ; ಕಾಪುವಿನ ದೀಪಸ್ತಂಭದ ಬಂಡೆಯ ಕೆಳಗೆ ಸಮುದ್ರದಲ್ಲಿ ಆಡಿ ಬಂದವರ ಮೈಯ ಸನ್‌ಸ್ಕ್ರೀನಿನಲ್ಲಿ ಅನೇಕವೇಳೆ ಅವೊಬೆಂಜೋನ್ ಎಂಬ ದ್ರವ್ಯವಿರುತ್ತದೆ; ಇವೆರಡೂ ಟವೆಲಿನ ಮೇಲೆ ಕೂಡಿದುವೆಂದರೆ ತುಕ್ಕಿನ ಬಣ್ಣದ ಕಲೆ ಏಳುತ್ತದೆ. ಗಾಬರಿಯಿಂದ ಬ್ಲೀಚಿಂಗ್ ಪುಡಿ ಸುರಿದರೆ ಕಲೆ ಇನ್ನಷ್ಟು ಗಟ್ಟಿಯಾಗಿ, ನೂಲು ಮಾತ್ರ ಸಡಿಲವಾಗುತ್ತದೆ. ಲಿಂಬೆಯ ಹುಳಿಯೇ ಅಲ್ಲಿ ಮೇಲು. ತೆಂಗಿನೆಣ್ಣೆಯ ತಲೆ ಒರೆಸಿದ್ದನ್ನು ಬಿಸಿನೀರಿಲ್ಲದೆ ಒಗೆದರೆ ಜಿಡ್ಡು ಒಳಗೇ ಉಳಿದು ಕನರು ವಾಸನೆ ಹೊಡೆಯುತ್ತದೆ. ಮೆದುವಾಗಲೆಂದು ಸುರಿಯುವ ಪರಿಮಳದ ದ್ರವವಾದರೋ ಕುಣಿಕೆಗಳಿಗೆ ಅಂಟಿಕೊಂಡು, ಟವೆಲ್ಲಿಗೆ ನೀರನ್ನು ಹೀರುವುದನ್ನೇ ಮರೆಸಿಬಿಡುತ್ತದೆ.

ಬದಲಾಯಿಸಬೇಕಾದ ಕಾಲವನ್ನು ವರ್ಷಗಳ ಲೆಕ್ಕದಿಂದ ಹೇಳಲಾಗದು. ಒಂದು ಹನಿ ನೀರು ಬಟ್ಟೆಯ ಮೇಲೆ ಇಳಿಯದೆ ನಿಂತರೆ, ಒಣಗಿದಾಗ ಇಲ್ಲದ ವಾಸನೆ ಒದ್ದೆಯಾದೊಡನೆ ಮರಳಿದರೆ, ಅಂಚಿನ ಹೊಲಿಗೆ ಬಿಟ್ಟುಕೊಂಡರೆ, ಅದು ಅತಿಥಿಯ ಕೋಣೆಯಿಂದ ಇಳಿದು ನೆಲ ಒರೆಸುವ ಕೆಲಸಕ್ಕೆ ಸೇರಬೇಕು. ಹೊಸದಕ್ಕಾಗಿ ಅಂಗಡಿಗೆ ಹೋದರೆ ಸಿಕ್ಕುವುದು ಬಹುತೇಕ ಸೊಲ್ಲಾಪುರದ್ದು ಅಥವಾ ತಮಿಳುನಾಡಿನದು. ಸೊಲ್ಲಾಪುರದ ಟೆರ್ರಿ ಟವೆಲಿನ ಹಿಂದಿರುವ ನೇಕಾರರಲ್ಲಿ ಹೆಚ್ಚಿನವರು ತೆಲುಗು ಮಾತಿನ ಪದ್ಮಶಾಲಿಗಳು, ಎಂದರೆ ಕುಲದ ಹೆಸರಿನಲ್ಲಿ ನಮ್ಮ ಶೆಟ್ಟಿಗಾರರ ದಾಯಾದಿಗಳು. ಇತ್ತ ಕಾರ್ಕಳದ ಕದಿಕೆ ಟ್ರಸ್ಟ್ ಮತ್ತು ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘ ಕೂಡಿ ಉಡುಪಿ ಸೀರೆಯನ್ನು 2018ರಿಂದೀಚೆಗೆ ಮತ್ತೆ ಮಗ್ಗಕ್ಕೇರಿಸಿವೆ. ಸೀರೆಗೆ ಸಿಕ್ಕುವ ಬೆಲೆ ಬೈರಾಸಿಗೆ ಸಿಕ್ಕದಾದ್ದರಿಂದ, ವೃದ್ಧನಾದ ನೇಕಾರ ತನ್ನ ದಿನದ ದುಡಿಮೆಯನ್ನು ಸೀರೆಗೇ ಮುಡಿಪಿಟ್ಟರೆ ಅವನನ್ನು ಆಕ್ಷೇಪಿಸುವಂತಿಲ್ಲ. ಆದರೂ ಮಳೆಗಾಲದಲ್ಲಿ ಬಾಗಿಲು ತೆರೆದಿಡುವ ಕಾಪುವಿನ ಮನೆಯೊಡತಿಯೊಬ್ಬಳು ಎರಡು ಡಜನ್ ಬೈರಾಸುಗಳಿಗೆ ಮುಂಗಡ ಕೊಟ್ಟು ನೋಡಿದರೆ, ಎಳೆಗೆಷ್ಟು, ಕೂಲಿಗೆಷ್ಟು ಎಂದು ಅವನು ಲೆಕ್ಕ ಹಾಕಿ ಹೇಳಲಾರನೆ?