ಮುಳಶಿಯ ಜಲಾಶಯ

ಕೆರೆ ಕಟ್ಟಿಸಿದ ಪುಣ್ಯಾತ್ಮರ ಹೆಸರನ್ನು ನಮ್ಮ ಶಾಸನಗಳು ಆದರದಿಂದ ಕಾಪಾಡಿವೆ. ಆ ಕೆರೆಗಾಗಿ ನೆಲ ಬಿಟ್ಟವರ ಹೆಸರು ಅವುಗಳಲ್ಲಿ ದೊರೆಯುವುದು ವಿರಳ. ಪುಣೆ ಜಿಲ್ಲೆಯ ಮುಳಶಿ ಜಲಾಶಯದ ಇತಿಹಾಸವಾದರೋ ಬೇರೆಯದು. ಕಟ್ಟಿದವರೊಡನೆ ಅದನ್ನು ತಡೆಯಹೊರಟವರೂ ಅಲ್ಲಿ ಸ್ಮರಣೀಯರಾಗಿದ್ದಾರೆ.

ಸಹ್ಯಾದ್ರಿಯ ಮಳೆನೀರಿನಿಂದ ಮುಂಬಯಿಯ ಗಿರಣಿಗಳಿಗೆ ವಿದ್ಯುತ್ತನ್ನು ಒದಗಿಸಬೇಕೆಂಬುದು ಜಮ್‌ಶೇಟಜಿ ಟಾಟಾ ಅವರ ಹಂಬಲವಾಗಿತ್ತು. ಅವರು 1904ರಲ್ಲಿ ನಿಧನರಾದರು. 1915ರಲ್ಲಿ ಖೋಪೋಲಿಯ ವಿದ್ಯುದಾಗಾರವು ಕಾರ್ಯಾರಂಭ ಮಾಡಿತು. ಬೇಡಿಕೆ ಬೆಳೆದಂತೆ, 1919ರಲ್ಲಿ ಸ್ಥಾಪಿತವಾದ ಟಾಟಾ ಪವರ್ ಕಂಪನಿಯು ಮುಳಾ ಮತ್ತು ನೀಲಾ ನದಿಗಳ ಸಂಗಮದ ಬಳಿ ಅಣೆಕಟ್ಟನ್ನು ಕಟ್ಟಲು ತೊಡಗಿತು. ಪೂರ್ವಕ್ಕೆ ಹರಿಯುವ ನೀರನ್ನು ತಡೆದು, ಘಟ್ಟವನ್ನು ಕೊರೆದು, ಸುಮಾರು 500 ಮೀಟರ್ ಕೆಳಗಿನ ಕೊಂಕಣದ ಭಿರಾ ಗ್ರಾಮಕ್ಕೆ ಇಳಿಸುವುದು ಯೋಜನೆಯ ಸ್ವರೂಪ. ಭೀಮೆಯನ್ನು ಕೂಡಿ ಕಲಬುರ್ಗಿ ಸೀಮೆಯತ್ತ ಬರಬೇಕಾದ ನೀರು ಹೀಗೆ ಕುಂಡಲಿಕಾ ನದಿಯ ಮೂಲಕ ಪಶ್ಚಿಮ ಸಮುದ್ರದ ಪಾಲಾಯಿತು.

ಕಣಿವೆಯಲ್ಲಿ ಸುಮಾರು 50 ಹಳ್ಳಿಗಳಿದ್ದವು. ಅಂಬೇಮೋಹರ್ ಭತ್ತ ಬೆಳೆಯುತ್ತಿದ್ದ ಮಾವಳ ರೈತರು ನೆಲವನ್ನು ಮಾರಲು ಒಪ್ಪಲಿಲ್ಲ. ಆಗ ಸರ್ಕಾರವು 1894ರ ಭೂಸ್ವಾಧೀನ ಕಾಯಿದೆಯನ್ನು ಬಳಸಿ ಭೂಮಿಯನ್ನು ಕಂಪನಿಗೆ ಕೊಡಿಸಿತು. ಬಂಡವಾಳ ಖಾಸಗಿಯದು, ನೆಲವನ್ನು ಕಿತ್ತುಕೊಂಡ ಅಧಿಕಾರ ಸರ್ಕಾರದ್ದು! ಈ ಅಣೆಕಟ್ಟನ್ನು ಕೇವಲ ವ್ಯಕ್ತಿಸಾಹಸವೆಂದು ಹೊಗಳುವವರು ಈ ಅಂಶವನ್ನು ಮರೆಯುತ್ತಾರೆ.

1921ರ ಏಪ್ರಿಲ್ 16ರಂದು, ಶ್ರೀರಾಮನವಮಿಯ ದಿನ, ಸತ್ಯಾಗ್ರಹ ಆರಂಭವಾಯಿತು. ರೈತರು ಕಾಮಗಾರಿಯ ಸ್ಥಳದಲ್ಲಿಯೇ ಕುಳಿತರು. ಕೆಲಸ ಕೆಲಕಾಲ ನಿಂತಿತು. ಗಾಂಧೀಜಿಯವರು ‘ಯಂಗ್ ಇಂಡಿಯಾ’ದಲ್ಲಿ ಅವರ ಪರವಾಗಿ ಬರೆದರು. ಮುಂದಾಳುಗಳಲ್ಲಿ ಒಬ್ಬರಾದ ಪಾಂಡುರಂಗ ಮಹಾದೇವ ಬಾಪಟರಿಗೆ ‘ಸೇನಾಪತಿ’ ಎಂಬ ಹೆಸರು ಬಂದುದು ಈ ಹೋರಾಟದಿಂದಲೇ. ಆದರೆ ಜಮೀನಿನ ಬಹುಭಾಗ ಪುಣೆಯ ಸಾಹುಕಾರರ ಹಿಡಿತದಲ್ಲಿತ್ತು. ಹೆಚ್ಚಿನ ಪರಿಹಾರ ದೊರೆತರೆ ಸಾಕೆಂದು ಅವರು ರಾಜಿಗೆ ಒಲಿದರು; ಉಳುವವನು ಒಂಟಿಯಾದನು. 1924ರ ಕೊನೆಯಲ್ಲಿ ಬಾಪಟರು ಕಾಮಗಾರಿಯ ರೈಲನ್ನು ತಡೆದು ಗುಂಡು ಹಾರಿಸಿ ದೀರ್ಘ ಸೆರೆವಾಸಕ್ಕೆ ಗುರಿಯಾದರು. ಸತ್ಯಾಗ್ರಹವು ಅಲ್ಲಿಗೆ ಕೆಟ್ಟಿತೆಂದು ಹೇಳುವುದುಂಟು. ನಮಗೆ ತೋರುವಂತೆ, ಸಾಹುಕಾರರು ಕೈಬಿಟ್ಟ ದಿನವೇ ಅದು ಸೋತಿತ್ತು.

1927ರಲ್ಲಿ ಭಿರಾದಲ್ಲಿ ವಿದ್ಯುತ್ ಹುಟ್ಟಿತು. ಹೀಗೆ ಪಶ್ಚಿಮಕ್ಕೆ ತಿರುಗಿಸುವ ನೀರಿಗೆ ಮಿತಿಯನ್ನು ವಿಧಿಸಿದುದು 1970ರ ದಶಕದಲ್ಲಿ, ಕೃಷ್ಣಾ ಜಲವಿವಾದವನ್ನು ತೀರ್ಮಾನಿಸಿದ ಬಚಾವತ್ ನ್ಯಾಯಮಂಡಳಿ.