ಹೈದರಾಬಾದಿನಿಂದ ಹಾಲಹಳ್ಳಿಗೆ: ಬಸವಕಲ್ಯಾಣ–ಹುಮನಾಬಾದ್ ಸೀಮೆಯ ಸ್ನಾತಕೋತ್ತರ ಶಿಕ್ಷಣದ ಆಡಳಿತ

ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕುಗಳ ವಿದ್ಯಾರ್ಥಿಗಳು ಪದವಿಯ ನಂತರ ಏನನ್ನು ಓದಬೇಕು, ಯಾವ ಭಾಷೆಯಲ್ಲಿ ಪರೀಕ್ಷೆ ಬರೆಯಬೇಕು, ಅವರ ಮಹಾಪ್ರಬಂಧವನ್ನು ಯಾರು ಪರಿಶೀಲಿಸಬೇಕು ಎಂಬುದನ್ನು ತೀರ್ಮಾನಿಸುವ ಅಧಿಕಾರವು ಸುಮಾರು ಒಂದು ಶತಮಾನದ ಅವಧಿಯಲ್ಲಿ ಹೈದರಾಬಾದ್, ಧಾರವಾಡ, ಕಲಬುರಗಿ ಮತ್ತು ಬೀದರ್ ಎಂಬ ನಾಲ್ಕು ನೆಲೆಗಳನ್ನು ಕಂಡಿದೆ. ವಿಶ್ವವಿದ್ಯಾಲಯವು ಹಂತಹಂತವಾಗಿ ಊರಿಗೆ ಹತ್ತಿರವಾಯಿತೆಂದು ಈ ಚರಿತ್ರೆಯನ್ನು ಹೇಳುವುದು ವಾಡಿಕೆ. ಆದರೆ ಹಾದಿಯ ದೂರ ತಗ್ಗಿದಷ್ಟು ಸುಲಭವಾಗಿ, ಪಠ್ಯಕ್ರಮವನ್ನು ರೂಪಿಸುವ ಮತ್ತು ಸಂಶೋಧನೆಗೆ ಅನುಮತಿ ನೀಡುವ ಸಮಿತಿಗಳಿಗೂ ಈ ಸೀಮೆಗೂ ನಡುವಿನ ದೂರ ತಗ್ಗಲಿಲ್ಲ.

ಕಲ್ಯಾಣವು, ಅಂದರೆ ಇಂದಿನ ಬಸವಕಲ್ಯಾಣವು, ಒಂದು ಕಾಲಕ್ಕೆ ಸ್ವತಃ ವಿದ್ಯಾಕೇಂದ್ರವಾಗಿತ್ತು. ಕಲ್ಯಾಣ ಚಾಲುಕ್ಯರ ದೊರೆ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರವು ಭಾರತದ ಬಹುಭಾಗದಲ್ಲಿ ಹಿಂದೂ ಆಸ್ತಿಹಕ್ಕಿನ ಆಧಾರಗ್ರಂಥವಾಯಿತು. 12ನೆಯ ಶತಮಾನದಲ್ಲಿ ಇಲ್ಲಿಯೇ ಶರಣರ ಅನುಭವ ಗೋಷ್ಠಿಗಳು ನಡೆದವು. ಆ ಪರಂಪರೆಗೂ ಆಧುನಿಕ ವಿಶ್ವವಿದ್ಯಾಲಯಕ್ಕೂ ನೇರ ಸಂಬಂಧವನ್ನು ಕಲ್ಪಿಸುವುದು ಸರಿಯಲ್ಲ. ಪ್ರವೇಶ, ಪರೀಕ್ಷೆ, ಪದವಿ ಪ್ರದಾನ ಎಂಬ ಕ್ರಮವು ಈ ಸೀಮೆಗೆ ಬಂದದ್ದು ನಿಜಾಮರ ಆಳ್ವಿಕೆಯಲ್ಲಿ.

ಹೈದರಾಬಾದ್ ಸಂಸ್ಥಾನದ ಅಧಿಕಾರಿ ಅಕ್ಬರ್ ಹೈದರಿಯವರು ಸಲ್ಲಿಸಿದ ಮನವಿಯ ಮೇರೆಗೆ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ 1917ರಲ್ಲಿ ಹೊರಡಿಸಿದ ಫರ್ಮಾನಿನಿಂದ, ಅಂದರೆ ರಾಜಾಜ್ಞೆಯಿಂದ, ಉಸ್ಮಾನಿಯಾ ವಿಶ್ವವಿದ್ಯಾಲಯ ರೂಪುಗೊಂಡು 1918ರಲ್ಲಿ ಸ್ಥಾಪನೆಯಾಯಿತು. ಉನ್ನತ ಶಿಕ್ಷಣವನ್ನು ಇಂಗ್ಲಿಷಿನಲ್ಲಿ ಮಾತ್ರ ನೀಡಬಹುದೆಂಬ ನಂಬಿಕೆ ಗಟ್ಟಿಯಾಗಿದ್ದ ಆ ಕಾಲದಲ್ಲಿ, ಉರ್ದುವನ್ನು ಬೋಧನಾ ಮಾಧ್ಯಮವಾಗಿ ಇರಿಸಿಕೊಂಡು, ಗ್ರಂಥಗಳ ಅನುವಾದಕ್ಕೆಂದೇ ದಾರುಲ್ ತರ್ಜುಮಾ ಎಂಬ ಸಂಸ್ಥೆಯನ್ನು ನಡೆಸಿದ ಈ ಪ್ರಯೋಗದ ಮಹತ್ವವನ್ನು ಒಪ್ಪಲೇಬೇಕು. ಆದರೆ ಮನೆಯಲ್ಲಿ ಕನ್ನಡ ಅಥವಾ ಮರಾಠಿ ಆಡುತ್ತಿದ್ದ ಬೀದರ್ ಜಿಲ್ಲೆಯ ಮಕ್ಕಳಿಗೆ ಉರ್ದುವಿನ ಪ್ರೌಢಿಮೆಯೇ ಉನ್ನತ ವಿದ್ಯೆಯ ಮೊದಲ ಹೊಸ್ತಿಲಾಯಿತು. ಇಂಗ್ಲಿಷ್ ಮಾಧ್ಯಮವನ್ನು ಬಯಸಿದವರಿಗೆ ಅದೇ ನಗರದಲ್ಲಿ ನಿಜಾಮ್ ಕಾಲೇಜು ಇತ್ತಾದರೂ, ಅದು 1947ರವರೆಗೂ ಮದ್ರಾಸ್ ವಿಶ್ವವಿದ್ಯಾಲಯದ ಸಂಯೋಜನೆಯಲ್ಲಿತ್ತು. ಅಂದರೆ ಪಾಠ ಹೈದರಾಬಾದಿನಲ್ಲಿ ನಡೆದರೂ ಪಠ್ಯಕ್ರಮ ಮತ್ತು ಪದವಿಗಳು ಮದ್ರಾಸಿನವಾಗಿದ್ದವು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯಿಂದ ಸಂಸ್ಥಾನವು ಭಾರತದಲ್ಲಿ ವಿಲೀನವಾದ ಮೇಲೆ ಉಸ್ಮಾನಿಯಾದ ಬೋಧನೆ ಇಂಗ್ಲಿಷಿಗೆ ತಿರುಗಿತು.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಹಳೆಯ ಬೀದರ್ ಜಿಲ್ಲೆ ಒಡೆದು, ಉದಗೀರ, ನಿಲಂಗಾ, ಅಹಮದಪುರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು, ಬಸವಕಲ್ಯಾಣ ಮತ್ತು ಹುಮನಾಬಾದ್ ಮೈಸೂರು ರಾಜ್ಯಕ್ಕೆ ಸೇರಿದವು. ಅಲ್ಲಿಂದ ಮುಂದೆ ಈ ಭಾಗದ ಉನ್ನತ ಶಿಕ್ಷಣವು 1949ರಲ್ಲಿ ಸ್ಥಾಪನೆಯಾಗಿದ್ದ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬಂತು. ಧಾರವಾಡವು ಹೈದರಾಬಾದಿಗಿಂತ ಬಹಳ ದೂರವಿದ್ದರೂ, ಕನ್ನಡವು ಅಧ್ಯಯನದ ಮತ್ತು ಸಂಶೋಧನೆಯ ವಿಷಯವಾಗಿ ಗೌರವ ಪಡೆದಿದ್ದ ವಿದ್ಯಾಕೇಂದ್ರವೊಂದರ ಬಾಗಿಲು ಈ ಸೀಮೆಗೆ ತೆರೆಯಿತು. ಕಲ್ಯಾಣದ ಚರಿತ್ರೆಯನ್ನು ಶಾಸನಗಳ ಆಧಾರದಿಂದ ಬಿಡಿಸಿಟ್ಟ ಪಿ. ಬಿ. ದೇಸಾಯಿಯವರು ಬಸವೇಶ್ವರ ಮತ್ತು ಅವನ ಕಾಲವನ್ನು ಕುರಿತ ಇಂಗ್ಲಿಷ್ ಗ್ರಂಥವನ್ನು 1968ರಲ್ಲಿ ಹೊರತಂದದ್ದು ಧಾರವಾಡದಿಂದಲೇ. ಬಸವಕಲ್ಯಾಣದ ನೆಲದ ಮೇಲಣ ಗಂಭೀರ ಸಂಶೋಧನೆಯು ನೂರಾರು ಕಿಲೋಮೀಟರ್ ಆಚೆ ನಡೆಯಬೇಕಾಗಿ ಬಂದುದರಲ್ಲಿ ಹೆಮ್ಮೆಯೂ ಕೊರತೆಯೂ ಒಟ್ಟಿಗೆ ಇವೆ.

1970ರಲ್ಲಿ ಗುಲಬರ್ಗಾದಲ್ಲಿ, ಅಂದರೆ ಇಂದಿನ ಕಲಬುರಗಿಯಲ್ಲಿ, ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ತೆರೆಯಿತು. ಇಂಥ ಕೇಂದ್ರವೆಂದರೆ ತರಗತಿಗಳು ಸ್ಥಳದಲ್ಲಿಯೇ ನಡೆದರೂ ಪಠ್ಯಕ್ರಮ, ಪರೀಕ್ಷೆ, ಪದವಿಗಳ ಅಧಿಕಾರವನ್ನು ಮೂಲ ವಿಶ್ವವಿದ್ಯಾಲಯವೇ ಉಳಿಸಿಕೊಳ್ಳುವ ವ್ಯವಸ್ಥೆ. ಆ ಅಧಿಕಾರ ಕೈಗೆ ಬಂದದ್ದು 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಸ್ವತಂತ್ರವಾಗಿ ಸ್ಥಾಪನೆಯಾದಾಗ. ಮುಂದೆ ಇದೇ ಮಾದರಿ ಬೀದರ್ ಜಿಲ್ಲೆಯಲ್ಲಿ ಮರುಕಳಿಸಿತು: ಭಾಲ್ಕಿ ತಾಲ್ಲೂಕಿನ ಹಾಲಹಳ್ಳಿಯಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವು ಸ್ನಾತಕೋತ್ತರ ಕೇಂದ್ರವನ್ನು ನಡೆಸಿತು, 2023ರಲ್ಲಿ ಅದೇ ಆವರಣ ಬೀದರ್ ವಿಶ್ವವಿದ್ಯಾಲಯದ ನೆಲೆಯಾಯಿತು.

ಪಠ್ಯಕ್ರಮ, ಪರೀಕ್ಷೆ, ಪದವಿಗಳ ಈ ಅಧಿಕಾರವು ವಿಶ್ವವಿದ್ಯಾಲಯದ ಒಳಗೆ ಹೇಗೆ ಹಂಚಿಹೋಗಿದೆ ಎಂಬುದನ್ನು ತುಸು ವಿವರವಾಗಿ ನೋಡಬೇಕು, ಏಕೆಂದರೆ ಸಾಮಾನ್ಯ ಓದುಗರಿಗೆ ಕುಲಪತಿಯ ಹುದ್ದೆ ಕಾಣುತ್ತದೆಯೇ ಹೊರತು ಅದರ ಹಿಂದಿನ ಸಮಿತಿಗಳು ಕಾಣುವುದಿಲ್ಲ. 1976ರ ಕಾಯ್ದೆಯ ಸ್ಥಾನಕ್ಕೆ ಬಂದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ, 2000ರ ಪ್ರಕಾರ ರಾಜ್ಯಪಾಲರು ಕುಲಾಧಿಪತಿಗಳು. ದೈನಂದಿನ ಆಡಳಿತ ಕುಲಪತಿ ಮತ್ತು ಕುಲಸಚಿವರದು. ಹಣಕಾಸು ಮತ್ತು ನೇಮಕಾತಿಯಂಥ ವಿಷಯಗಳ ಕಾರ್ಯಾಂಗ ಸಿಂಡಿಕೇಟ್. ಶೈಕ್ಷಣಿಕ ಮಟ್ಟದ ಹೊಣೆ ವಿದ್ಯಾವಿಷಯಕ ಪರಿಷತ್ತಿನದು. ಇವೆಲ್ಲಕ್ಕೂ ಬುಡದಲ್ಲಿರುವುದು ಅಧ್ಯಯನ ಮಂಡಳಿ, ಅಂದರೆ ಒಂದು ವಿಷಯದ ಅಧ್ಯಾಪಕರೂ ಹೊರಗಿನ ತಜ್ಞರೂ ಕೂಡಿ ಪಠ್ಯಕ್ರಮವನ್ನು ಸಿದ್ಧಪಡಿಸುವ ಸಮಿತಿ. ಎಂ.ಎ. ಇತಿಹಾಸದಲ್ಲಿ ಕಲ್ಯಾಣ ಚಾಲುಕ್ಯರಿಗೆ ಒಂದು ಘಟಕವೋ ಇಡೀ ಪತ್ರಿಕೆಯೋ ಎಂಬ ಪ್ರಶ್ನೆ ಮೊದಲು ಎದ್ದು ರೂಪ ಪಡೆಯುವುದು ಅಲ್ಲಿಯೇ. ತಾಲ್ಲೂಕು ಕೇಂದ್ರಗಳ ಕಾಲೇಜುಗಳಲ್ಲಿ ಪಾಠ ಹೇಳುವವರಿಗೆ ಈ ಮಂಡಳಿಯಲ್ಲಿ ಸ್ಥಾನ ಸಿಗುವುದು ಹೊಸ ಕಟ್ಟಡಗಳಿಗಿಂತ ಹೆಚ್ಚು ಮುಖ್ಯವಾದ ಸಂಗತಿ.

ಇಷ್ಟರ ಮೇಲೆ 1956ರ ಕಾಯ್ದೆಯಿಂದ ಅಧಿಕಾರ ಪಡೆದ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ದೇಶಕ್ಕೆಲ್ಲ ಅನ್ವಯಿಸುವ ವಿನಿಯಮಗಳನ್ನು, ಅಂದರೆ ಕಾಯ್ದೆಯ ಅಡಿಯಲ್ಲಿ ಹೊರಡಿಸುವ ನಿಬಂಧನೆಗಳನ್ನು, ವಿಧಿಸುತ್ತದೆ. 2009ರ ವಿನಿಯಮವು ಪಿಎಚ್.ಡಿ.ಗೆ ಪ್ರವೇಶ ಪರೀಕ್ಷೆಯನ್ನೂ ಕೋರ್ಸ್‌ವರ್ಕನ್ನೂ ಕಡ್ಡಾಯಗೊಳಿಸಿತು, 2022ರದು ಎಂ.ಫಿಲ್. ಪದವಿಯನ್ನೇ ನಿಲ್ಲಿಸಿತು. ಏಕಕಾಲಕ್ಕೆ ಪ್ರಾಧ್ಯಾಪಕರೊಬ್ಬರು 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಸಂಶೋಧನಾರ್ಥಿಗಳಿಗಿಂತ ಹೆಚ್ಚು ಮಂದಿಗೆ ಮಾರ್ಗದರ್ಶನ ನೀಡುವಂತಿಲ್ಲ. ಗುಣಮಟ್ಟದ ದೃಷ್ಟಿಯಿಂದ ಈ ಮಿತಿ ಸರಿಯಾದುದೇ. ಆದರೆ ಕಾಯಂ ಅಧ್ಯಾಪಕರು ಕಡಿಮೆಯಿರುವ ಎಳೆಯ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಯ ಸ್ಥಾನಗಳೂ ಅಷ್ಟೇ ಕಡಿಮೆಯಾಗುತ್ತವೆ. ಹುದ್ದೆಗಳನ್ನು ತುಂಬದೆ ವಿಶ್ವವಿದ್ಯಾಲಯವನ್ನು ತೆರೆಯುವುದರ ಪೆಟ್ಟು ಮೊದಲು ಬೀಳುವುದು ಸಂಶೋಧನಾರ್ಥಿಯ ಮೇಲೆ.

ಪ್ರವೇಶದ ನೀತಿಯಲ್ಲಿ ಈ ಸೀಮೆಗೆ ದೊರೆತ ದೊಡ್ಡ ಬಲವೆಂದರೆ, ಈ ಸೀಮೆಯನ್ನೊಳಗೊಂಡ ಹೈದರಾಬಾದ್ ಕರ್ನಾಟಕ ಪ್ರದೇಶಕ್ಕೆ ವಿಶೇಷ ಅವಕಾಶ ಕಲ್ಪಿಸುವ ಸಂವಿಧಾನದ 371ಜೆ ವಿಧಿ. ಅದರ ಅಡಿಯಲ್ಲಿ 2013ರಲ್ಲಿ ಹೊರಟ ಆದೇಶದಂತೆ ಪ್ರದೇಶದ ಒಳಗಿನ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70ರಷ್ಟು, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8ರಷ್ಟು ಸೀಟುಗಳು ಸ್ಥಳೀಯರಿಗೆ ಮೀಸಲಾದವು. 2019ರಲ್ಲಿ ಈ ಪ್ರದೇಶಕ್ಕೆ ಕಲ್ಯಾಣ ಕರ್ನಾಟಕವೆಂಬ ಹೆಸರು ಬಂತು. ಇನ್ನು ಓಡಾಟದ ವಿಷಯಕ್ಕೆ ಬಂದರೆ, 2017ರಲ್ಲಿ ಬೀದರ್–ಕಲಬುರಗಿ ರೈಲುಮಾರ್ಗ ಪೂರ್ಣವಾದ ಮೇಲೆ ಹುಮನಾಬಾದಿನಿಂದ ಎರಡೂ ಕಡೆಗೆ ರೈಲಿನ ಓಡಾಟ ಸಾಧ್ಯವಾಯಿತು. ರೈಲು ಮುಟ್ಟದ ಬಸವಕಲ್ಯಾಣದ ವಿದ್ಯಾರ್ಥಿಗಳು ಬಸ್ಸನ್ನೇ ನೆಚ್ಚಿಕೊಂಡಿದ್ದಾರೆ.

2025ರಲ್ಲಿ ರಾಜ್ಯದ ಸಚಿವ ಸಂಪುಟದ ಉಪಸಮಿತಿಯು ಹೊಸ ವಿಶ್ವವಿದ್ಯಾಲಯಗಳ ಆರ್ಥಿಕ ಸ್ಥಿತಿಯನ್ನು ಪರಿಶೀಲಿಸಿ, ಅವುಗಳಲ್ಲಿ ಹಲವನ್ನು ಮಾತೃಸಂಸ್ಥೆಗಳಲ್ಲಿ ವಿಲೀನಗೊಳಿಸುವ ವಿಚಾರವನ್ನು ಮುಂದಿಟ್ಟಾಗ, ಇಂಥ ಸಂಸ್ಥೆಗಳನ್ನು ಕಾಯ್ದೆಯ ತಿದ್ದುಪಡಿಯಿಂದ ಹುಟ್ಟಿಸಿದಷ್ಟೇ ಸುಲಭವಾಗಿ ಹಿಂದಕ್ಕೆ ಪಡೆಯಬಹುದೆಂಬುದು ಬಯಲಾಯಿತು. ಪಿಎಚ್.ಡಿ.ಗೆ ಕನಿಷ್ಠ ಮೂರು ವರ್ಷ ಬೇಕು; ಆ ಅವಧಿಯಲ್ಲಿ ವಿಶ್ವವಿದ್ಯಾಲಯ ಬದಲಾದರೆ ನೋಂದಣಿ, ಮಾರ್ಗದರ್ಶಕ, ಪರೀಕ್ಷಕ ಮಂಡಳಿ ಎಲ್ಲವೂ ಮತ್ತೆ ಇತ್ಯರ್ಥವಾಗಬೇಕಾಗುತ್ತದೆ.