ಯಾರನ್ನು ಕರೆದು ಅಳುವುದು? ಧಾರವಾಡದ ಒಂದು ಹಾಡು, ಟೊರಾಂಟೊದ ಒಂದು ನೃತ್ಯ

ಸಾವಿನ ಮನೆಯಲ್ಲಿ ಹೆಂಗಸರು ಹಾಡಿಕೊಂಡು ಅಳುವುದನ್ನು ಕೇಳಿದವರಿಗೆ ಅದರ ಏರಿಳಿತ ಗೊತ್ತಿರುತ್ತದೆ. ನೆಂಟರು ಯಾರಾದರೂ ಹೊಸ್ತಿಲು ದಾಟಿದೊಡನೆ ತಗ್ಗಿದ್ದ ಅಳು ಮತ್ತೆ ಏರುತ್ತದೆ. ಬಂದವಳನ್ನು ತಂಗೀ ಎಂದೋ ಅತ್ತೀ ಎಂದೋ ಕರೆದು, ಕೊರಳಿಗೆ ಬಿದ್ದು, ಹೋದವರ ಕಥೆಯನ್ನು ಮೊದಲಿನಿಂದ ಹೇಳಿಕೊಳ್ಳುತ್ತಾರೆ. ಸತ್ತವರನ್ನು ಕುರಿತ ಆ ಹಾಡಿಗೆ ಬದುಕಿರುವ ಬಂಧುವೊಬ್ಬರು ಎದುರಿಗಿರಬೇಕು.

ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ಇದೇ ಜಾಡಿನದು. ಮಗುವಿನ ಸಾವಿನ ಕವಿತೆಯಾದರೂ ಅದರಲ್ಲಿ ತಂದೆಯ ಮಾತೆಲ್ಲ ತಾಯಿಯೊಡನೆ. ಅವಳ ನೋಟವನ್ನು ತಾಳಲಾರದ ಗಂಡನ ಒದ್ದಾಟವೇ ಅಲ್ಲಿ ಮುಖ್ಯ. ಸುಗಮ ಸಂಗೀತದ ವೇದಿಕೆಯಲ್ಲಿ ಇದನ್ನು ಪ್ರೇಮಗೀತೆಯೆಂದು ಕೇಳಿ ತಲೆದೂಗುವವರೂ ಇದ್ದಾರೆ. ಅವರದು ಪೂರಾ ತಪ್ಪೆನ್ನಲಾರೆ.

ಎದುರಿಗೆ ಕರೆಯಲು ಯಾರೂ ಉಳಿಯದಿದ್ದರೆ?

1985ರ ಜೂನ್ 23ರಂದು ಕೆನಡಾದಿಂದ ಹೊರಟಿದ್ದ ಏರ್ ಇಂಡಿಯಾದ 182ನೇ ವಿಮಾನ ಐರ್ಲೆಂಡಿನ ಬಳಿ ಬಾಂಬಿಗೆ ಸಿಡಿದು 329 ಮಂದಿ ಸತ್ತರು. ಟೊರಾಂಟೊ ಸುತ್ತಲಿನ ಎಷ್ಟೋ ಮನೆಗಳು ಬರಿದಾದವು. ಸಿಕ್ಕ ಶವಗಳು 131. ಕೆನಡಾದ ಭರತನಾಟ್ಯ ಕಲಾವಿದೆ ಲತಾ ಪಾದ ಆಗ ಪ್ರದರ್ಶನಗಳಿಗಾಗಿ ಬೆಂಗಳೂರಿನಲ್ಲಿ ಅಭ್ಯಾಸದಲ್ಲಿದ್ದರು. ಅವರನ್ನು ಕೂಡಿಕೊಳ್ಳಲು ಹೊರಟಿದ್ದ ಗಂಡ ಮತ್ತು ಇಬ್ಬರು ಹೆಣ್ಣುಮಕ್ಕಳು ಆ ವಿಮಾನದಲ್ಲಿದ್ದರು. ಮುಂದೆ, 1990ರಲ್ಲಿ, ಅವರು ‘ಸಂಪ್ರದಾಯ’ ನೃತ್ಯಸಂಸ್ಥೆ ಕಟ್ಟಿದರು. ಸ್ವಂತ ದುಃಖವನ್ನೇ ವಸ್ತುವಾಗಿಸಿಕೊಂಡ ‘ರಿವೀಲ್ಡ್ ಬೈ ಫೈರ್’ ನೃತ್ಯ ರಂಗಕ್ಕೆ ಬಂದದ್ದು 2001ರಲ್ಲಿ.

ಈ ಹದಿನಾರು ವರ್ಷಗಳ ಅಂತರವನ್ನು ಸಂಕೋಚವೆಂದು ತಳ್ಳಿಹಾಕುವುದು ಸುಲಭ. ನನಗೆ ಕಾಣುವ ತೊಡಕು ಕಲಾಪ್ರಕಾರದ್ದು. ಲತಾ ಅವರಿಗೆ ಅಭಿನಯ ಕಲಿಸಿದವರಲ್ಲಿ ಕಲಾನಿಧಿ ನಾರಾಯಣನ್ ಒಬ್ಬರು. ನಾಯಿಕೆ ನಲ್ಲನನ್ನು ನೆನೆಯುವ ‘ಪದ’ಗಳೆಂಬ ಹಾಡುಗಳ ಅಭಿನಯದಲ್ಲಿ ಗಾಯಕಿ ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತಾಳೆ. ನರ್ತಕಿ ಪ್ರತಿ ಸಲ ಬೇರೊಂದು ಸಂಚಾರಿ ಭಾವದಿಂದ ಅದಕ್ಕೆ ಹೊಸ ಅರ್ಥ ತುಂಬುತ್ತಾಳೆ. ಹುಬ್ಬು ತುಸು ಸರಿದರೆ ಮುನಿಸು ಹೋಗಿ ಬೇಡಿಕೆ ಬರುತ್ತದೆ. ಆದರೆ ಆ ನಾಯಿಕೆಯ ವಿರಹಕ್ಕೆ ಕೊನೆಯುಂಟು: ನಲ್ಲ ಬಂದಾನು, ಸಖಿಯಂತೂ ಪಕ್ಕದಲ್ಲೇ ಇದ್ದಾಳೆ. ಗಂಡನನ್ನೂ ಇಬ್ಬರು ಮಕ್ಕಳನ್ನೂ ಒಂದೇ ದಿನ ಕಳೆದುಕೊಂಡವಳು ಯಾವ ಸಖಿಗೆ ಹೇಳಿಕೊಳ್ಳಬೇಕು? ಆ ಜಾಗದಲ್ಲಿ ಪ್ರೇಕ್ಷಕರನ್ನು ಕೂರಿಸದೆ ಗತಿಯಿರಲಿಲ್ಲ. ಸಾವಿನ ಮನೆಯ ಹೊಸ್ತಿಲು ದಾಟಿ ಬರುವ ನೆಂಟರ ಪಾತ್ರ ಹೀಗೆ ಟಿಕೆಟ್ ಕೊಂಡು ಬಂದ ಅಪರಿಚಿತರಿಗೆ ಸಿಕ್ಕಿತು.

ಟೊರಾಂಟೊದಲ್ಲಿ ಇದು ಸಣ್ಣ ಬೇಡಿಕೆಯೇನಲ್ಲ. ಸತ್ತವರಲ್ಲಿ ಬಹುಪಾಲು ಕೆನಡಾದ ಪ್ರಜೆಗಳೇ ಆಗಿದ್ದರೂ ಪ್ರಧಾನಿ ಮಲ್ರೋನಿ ಫೋನು ಮಾಡಿ ಸಂತಾಪ ಹೇಳಿದ್ದು ರಾಜೀವ್ ಗಾಂಧಿಯವರಿಗೆ. ದುಃಖ ಬೇರೆ ದೇಶದ್ದೆಂಬ ಭಾವನೆ ಅಷ್ಟು ಸಹಜವಾಗಿತ್ತು. ಭಾರತಿ ಮುಖರ್ಜಿಯವರ ‘ದಿ ಮ್ಯಾನೇಜ್‌ಮೆಂಟ್ ಆಫ್ ಗ್ರೀಫ್’ (1988) ಎಂಬ, ಇದೇ ದುರಂತದ ಕಥೆಯಲ್ಲಿ ಸರ್ಕಾರದ ಪರವಾಗಿ ಬರುವ ಹೆಣ್ಣುಮಗಳು, ತನ್ನವರನ್ನು ಕಳೆದುಕೊಂಡೂ ಅಳದೆ ಕೂತ ಶೈಲಾಳನ್ನೇ ಎಲ್ಲರಿಗಿಂತ ಗಟ್ಟಿಗಿತ್ತಿಯೆಂದು ಎಣಿಸುತ್ತಾಳೆ. ಅಂಥ ಮೆಚ್ಚುಗೆ ಅಳುವ ಬಾಯಿಯನ್ನು ಮುಚ್ಚಿಸುತ್ತದೆ.

ಒಂಟಾರಿಯೊ ಸರೋವರದ ದಂಡೆಯ ಹಂಬರ್ ಬೇ ಉದ್ಯಾನದಲ್ಲಿ ಸತ್ತವರ ಹೆಸರು ಕೆತ್ತಿದ ಸ್ಮಾರಕ ಎದ್ದದ್ದು 2007ರಲ್ಲಿ. ಪ್ರಧಾನಿ ಹಾರ್ಪರ್ ಕುಟುಂಬಗಳ ಕ್ಷಮೆ ಕೇಳಿದ್ದು 2010ರ ಜೂನ್ 23ರಂದು. ಅಷ್ಟು ಹೊತ್ತಿಗೆ ಆ ನೃತ್ಯ ರಂಗಕ್ಕೆ ಬಂದು ಒಂಬತ್ತು ವರ್ಷವಾಗಿತ್ತು.